ಅತ್ತೆಯ ಕಣ್ಣು, ನನ್ನ ಪರೀಕ್ಷೆ

ಸುಮ್ಮನೆ ಕೂರುವುದೂ ಒಂದು ವಿದ್ಯೆ ಎಂದು ಚಿಕ್ಕಂದಿನಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ಕಲಿಯುತ್ತಿದ್ದೆ ಎಂದೇನೂ ಅಲ್ಲ; ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ಎದ್ದು ಹೋಗಿರುತ್ತಿದ್ದೆ. ಊಟಕ್ಕೆ ಕೂತರೆ ಎರಡನೆಯ ಮುದ್ದೆ ಬರುವ ಮೊದಲು ಒಮ್ಮೆ ಬೀದಿಗೆ ಹೋಗಿ, ಯಾರು ಬಂದರು ಯಾರು ಹೋದರು ಎಂದು ನೋಡಿ ಬರಬೇಕು. ಹೆಣ್ಣು ನೋಡಲು ಹೋದ ದಿನ ಹುಡುಗಿ ಕಾಫಿ ತರುವ ಹೊತ್ತಿಗೆ ನಾನು ಅವರ ಹಿತ್ತಿಲಲ್ಲಿ, ಕೆಟ್ಟು ನಿಂತಿದ್ದ ನೀರಿನ ಮೋಟಾರು ಬಿಚ್ಚುತ್ತಿದ್ದೆ. ತಾನು ಮೊದಲು ನೋಡಿದ್ದು ಗಂಡಿನ ಮುಖವನ್ನಲ್ಲ, ಬೆನ್ನನ್ನು ಎಂದು ನನ್ನ ಹೆಂಡತಿ ಪದ್ಮ ಈಗಲೂ ಆಡಿಕೊಳ್ಳುತ್ತಾಳೆ. ಇಂಥವನು, ಔಷಧಿ ಅಂಗಡಿಯ ಸ್ಟೂಲಿನ ಮೇಲೆ ಅಲುಗಾಡದೆ ಕೂರಲು ಸರ್ಕಾರದ ಅಪ್ಪಣೆ ಬೇಕೆಂದು ಹಂಬಲಿಸಿ, ನಲವತ್ತು ದಾಟಿದ ಮೇಲೆ ಪುಸ್ತಕ ಹಿಡಿದ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೆ ಕಾರಣ ತೊರಪಲ್ಲಿಯಲ್ಲಿರುವ ನನ್ನ ಅತ್ತೆಯ ಎಡಗಣ್ಣು.

ಹೊಸೂರಿನ ಕಡೆಯ ಬೇರಿಕೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವೇ ನಮ್ಮ ಮೆಡಿಕಲ್ ಸ್ಟೋರ್ ಇದೆ. ‘ನಮ್ಮ’ ಎನ್ನುವುದು ನನ್ನ ಬಾಯಿಮಾತು. ಬೋರ್ಡಿನ ಮೇಲೆ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುವುದು ಪದ್ಮಳ ಹೆಸರು. ಒಳಗೆ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿರುವ ಸರ್ಟಿಫಿಕೇಟೂ ಅವಳದೇ. ಮದುವೆಗೆ ಮೊದಲೇ ಅವಳು ಫಾರ್ಮಸಿಸ್ಟ್ ಆಗಲು ಬೇಕಾದ ಡಿಫಾರ್ಮ ಓದಿ ರಿಜಿಸ್ಟರ್ ಮಾಡಿಸಿಕೊಂಡಿದ್ದಳು. ನಾನಾದರೋ ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ವರ್ಷಗಟ್ಟಲೆ ನಿಂತು, ಒಂದು ವಾರ ಹಗಲು ಒಂದು ವಾರ ರಾತ್ರಿ ಎಂದು ತಿರುಗಿ ತಿರುಗಿ, ಸಾಕಪ್ಪಾ ಸಾಕು ಎಂದು ಬಿಟ್ಟು ಬಂದವನು. ಇಬ್ಬರೂ ಸೇರಿ ಅಂಗಡಿ ಇಟ್ಟೆವು. ಇಟ್ಟ ಮೊದಲ ದಿನವೇ ಪದ್ಮ ಕಾನೂನು ತಿಳಿಸಿದಳು: ಡಾಕ್ಟರ ಚೀಟಿಗೆ ಔಷಧಿ ಕೊಡುವಾಗ ರಿಜಿಸ್ಟರ್ ಆದ ಫಾರ್ಮಸಿಸ್ಟ್ ಎದುರಿಗೇ ಇರಬೇಕು. ಅವಳು ಇಲ್ಲದ ಹೊತ್ತಿನಲ್ಲಿ ನನ್ನ ಅಧಿಕಾರಕ್ಕೆ ಒಳಪಟ್ಟ ವಸ್ತುಗಳೆಂದರೆ ಮಗುವಿನ ಸೋಪು, ಹತ್ತಿ, ನೋವಿನ ಮುಲಾಮು ಮತ್ತು ಸೊಂಟದ ಬೆಲ್ಟು. ಊರಿನವರಿಗೆ ಅವಳು ‘ಮೆಡಿಕಲ್ ಅಕ್ಕ’. ನಾನು ‘ಮೆಡಿಕಲ್ ಅಕ್ಕನ ಯಜಮಾನ’. ಯಜಮಾನ ಎಂಬ ಪದ ಇಷ್ಟು ಸವಕಲಾಗಿ ಎಲ್ಲಿಯೂ ಬಳಕೆಯಾಗಿರಲಾರದು.

ನನಗೆ ಇದರಿಂದ ತೊಂದರೆಯೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಜವಾಬ್ದಾರಿ ಇಲ್ಲದವನಿಗೆ ಕಾಲು ಸಡಿಲ. ಎದುರಿನ ಟೀ ಅಂಗಡಿಗೆ ಹೋಗುವುದು, ಅಲ್ಲಿಂದ ಟೊಮೇಟೊ ಮಂಡಿಗೆ, ಅಲ್ಲಿ ಈ ದಿನ ಏನು ರೇಟು ಎಂದು ಕೇಳಿ, ನನಗೆ ಒಂದು ಗಿಡ ಟೊಮೇಟೊ ಇಲ್ಲದಿದ್ದರೂ ಮುಖ ಸಪ್ಪಗೆ ಮಾಡಿಕೊಂಡು ಬರುವುದು. ಸಂಕಟ ಶುರುವಾದದ್ದು ಅತ್ತೆಗೆ ಕಣ್ಣಿನಲ್ಲಿ ಪೊರೆ ಬಂದಾಗ. ಆಪರೇಷನ್ ಮಾಡಿಸಲೇಬೇಕು ಎಂದರು ಹೊಸೂರಿನ ಕಣ್ಣಿನ ಡಾಕ್ಟರು. ಆಪರೇಷನ್ ಆದ ಮೇಲೆ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ತಲೆ ಬಗ್ಗಿಸದಂತೆ, ಒಲೆ ಮುಂದೆ ಕೂರದಂತೆ ನೋಡಿಕೊಳ್ಳಬೇಕು. ಪದ್ಮ ಒಬ್ಬಳೇ ಮಗಳು. ಅವಳು ಹೋಗಿ ಕೂತರೆ ಬೇರಿಕೆಯ ಅಂಗಡಿಗೆ ಬೀಗ. ಶುಗರಿನವರು, ಬಿಪಿಯವರು, ಎಲ್ಲರೂ ಹೊಸೂರಿಗೆ ಬಸ್ಸು ಹತ್ತಬೇಕು. ಬದಲಿಗೆ ಒಬ್ಬ ಫಾರ್ಮಸಿಸ್ಟನ್ನು ಹುಡುಕಿದೆವು. ಇಷ್ಟು ದೂರ ಬರುವುದಕ್ಕೆ ಯಾರೂ ಒಪ್ಪಲಿಲ್ಲ. ಅಂಗಡಿ ಮುಚ್ಚಿಬಿಡೋಣ ಎಂದರೆ ಅತ್ತೆಯೇ ಕಿಡಿಕಿಡಿಯಾದರು.

"ನನ್ ಒಂದು ಕಣ್ಣಿಗೋಸ್ಕರ ಓಡೋ ಯಾಪಾರ ನಿಲ್ಲುಸ್ತೀರಾ? ಏನೂ ಬ್ಯಾಡ. ಅಳಿಯಂದ್ರು ಒಂದಷ್ಟು ಓದ್ಕಂಡಿದಾರಲ್ಲ, ಇನ್ನೊಂದಷ್ಟು ಓದ್ಲಿ. ಅವ್ರು ಪಾಸಾಗ್ಲಿ, ಆಮೇಲೆ ನಾನು ಕಣ್ಣು ಮಾಡಿಸ್ಕತೀನಿ."

ಅತ್ತೆ ಇದನ್ನು ತಮಾಷೆಗೆ ಹೇಳಿದರು ಎಂದು ನಾನು ನಕ್ಕೆ. ಪದ್ಮ ನಗಲಿಲ್ಲ. ಪ್ಲಸ್ ಟೂನಲ್ಲಿ ನೀವು ತಗೊಂಡಿದ್ದು ಸೈನ್ಸೇ ತಾನೆ ಎಂದು ಕೇಳಿದಳು. ಹೌದೆಂದೆ. ಕೆಲವು ಸಲ ಒಂದು ‘ಹೌದು’ ಮನುಷ್ಯನನ್ನು ಎಲ್ಲಿಂದೆಲ್ಲಿಗೋ ಒಯ್ದುಬಿಡುತ್ತದೆ. ಮುಂದಿನ ಜೂನ್ ಕಳೆಯುವುದರಲ್ಲಿ ನಾನು ಕೃಷ್ಣಗಿರಿಯ ಕಡೆಯ ಒಂದು ಕಾಲೇಜಿನ ಗೇಟಿನ ಮುಂದೆ ಬ್ಯಾಗು ನೇತುಹಾಕಿಕೊಂಡು ನಿಂತಿದ್ದೆ. ವಾಚ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೇರೆಂಟ್ಸ್ ಮೀಟಿಂಗ್ ನಾಳೆ ಸಾರ್ ಎಂದು ಕಳಿಸಲು ನೋಡಿದ.

ಡಿಫಾರ್ಮ ಎಂದರೆ ಎರಡು ವರ್ಷದ ಓದು. ಹೊರಗಿನವರಿಗೆ ಅದು ಮಾತ್ರೆಗಳ ಹೆಸರು ಬಾಯಿಪಾಠ ಮಾಡುವ ಕೋರ್ಸು ಎಂಬ ಭಾವನೆ; ನನಗೂ ಇತ್ತು. ಹೋಗಿ ನೋಡಿದರೆ ಮೈಯೊಳಗಿನ ಮೂಳೆ ನರಗಳಿಂದ ಹಿಡಿದು, ಮಾತ್ರೆ ಹೊಟ್ಟೆಗೆ ಹೋದ ಮೇಲೆ ಎಲ್ಲೆಲ್ಲಿ ಅಲೆದು ಯಾವ ದಾರಿಯಲ್ಲಿ ಹೊರಬೀಳುತ್ತದೆ ಎಂಬುದರವರೆಗೆ ಎಲ್ಲವನ್ನೂ ಓದಬೇಕು. ಮಾತ್ರೆಯ ಅಲೆದಾಟದ ಪಾಠ ಮಾತ್ರ ನನಗೆ ಹಿಡಿಸಿತು, ಅದು ನನ್ನಂತೆಯೇ ಒಂದು ಕಡೆ ನಿಲ್ಲುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲಿ, ನಾನು ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ. ಅರ್ಥವಾಗದಿದ್ದಾಗ ಬೈದುಕೊಳ್ಳಲು ತೆಲುಗು. ಕ್ಲಾಸಿನ ಮಕ್ಕಳು ನನ್ನನ್ನು ‘ಅಂಕಲ್’ ಎನ್ನುತ್ತಿದ್ದರು. ಪಾಠ ಮಾಡುವ ಮೇಡಂ ನನಗಿಂತ ಎಷ್ಟೋ ಚಿಕ್ಕವರು; ಅವರೂ ಒಂದೆರಡು ತಿಂಗಳು ನಾಲಿಗೆ ಕಚ್ಚಿಕೊಂಡು ತಡೆದು, ಕೊನೆಗೆ ಅಂಕಲ್ ಎಂದೇ ಕರೆಯತೊಡಗಿದರು. ಪ್ರಾಕ್ಟಿಕಲ್ಲಿನಲ್ಲಿ ಎಣ್ಣೆ, ಗೋಂದು, ನೀರು ಸೇರಿಸಿ ಕಲ್ಲಿನಲ್ಲಿ ಒಂದೇ ದಿಕ್ಕಿಗೆ ಮೆಲ್ಲಗೆ ಅರೆದು ಹಾಲಿನಂತೆ ಮಾಡಬೇಕು. ನನಗೆ ಮೆಲ್ಲಗೆ ಎಂಬುದು ಕೈಗೆ ಬರುವುದಿಲ್ಲ. ಚಟ್ನಿ ಅರೆಯುವವನಂತೆ ಬರಬರನೆ ತಿರುಗಿಸಿದೆ. ಎಣ್ಣೆ ಒಂದು ಕಡೆ, ನೀರು ಒಂದು ಕಡೆ, ಹಾಲು ಒಡೆದ ಹಾಗೆ ಒಡೆದುಹೋಯಿತು. "ಮೆದುವಾ ಅಂಕಲ್, ಮೆದುವಾ!" ಎಂದು ಮೇಡಂ ಕೂಗಿದರು, ತಮಿಳಿನಲ್ಲಿ ಅದೇ ‘ಮೆಲ್ಲಗೆ’. ಬೇರಿಕೆಯಿಂದ ಹೊಸೂರು, ಹೊಸೂರಿನಿಂದ ಕೃಷ್ಣಗಿರಿ ಎಂದು ಬಸ್ಸಿನಲ್ಲಿ ನೇತಾಡಿ ಬರುವ ನನಗೆ ಎರಡು ವರ್ಷವೂ ಅವರು ಹೇಳಿದ್ದು ಅದೊಂದೇ ಮಾತು.

ಈ ಎರಡು ವರ್ಷ ಅತ್ತೆ ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡುತ್ತಿದ್ದರು. "ಏನಪ್ಪಾ ಮುನಿರಾಜು, ಓದ್ತಾ ಇದೀಯಾ? ನಂಗೆ ಈಗ ಹಸ ಯಾವ್ದು ಎಮ್ಮೆ ಯಾವ್ದು ಅಂತ ಗೊತ್ತಾಗ್ತಾ ಇಲ್ಲ. ನಿಧಾನಕ್ಕೆ ಓದು, ಅವಸರ ಏನಿಲ್ಲ." ಅವಸರ ಏನಿಲ್ಲ ಎಂದು ಇಷ್ಟು ಅವಸರಪಡಿಸುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಪುಸ್ತಕ ತೆರೆದರೆ ಅಕ್ಷರದ ಮೇಲೆ ಆ ಎಡಗಣ್ಣು ಬಂದು ಕೂತು ನನ್ನನ್ನೇ ನೋಡುತ್ತಿತ್ತು. ನಾನು ಫೇಲಾದರೆ ಮುದುಕಿ ಕುರುಡಾಗುತ್ತದೆ ಎಂಬ ಭಯದಲ್ಲಿ ಓದಿದವರು ನಮ್ಮ ಕ್ಲಾಸಿನಲ್ಲಿ ಇನ್ಯಾರೂ ಇರಲಿಲ್ಲ. ಹಾಗಾಗಿ ಎರಡೂ ವರ್ಷ ದಾಟಿದೆ.

ದಾಟಿದರೆ ಆಗಲಿಲ್ಲ. ಓದು ಮುಗಿದ ಮೇಲೆ ಕೆಲವು ತಿಂಗಳು ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ ರಿಜಿಸ್ಟರ್ ಆದ ಫಾರ್ಮಸಿಸ್ಟ್ ಒಬ್ಬರ ಕೈಕೆಳಗೆ ತರಬೇತಿ ಮಾಡಬೇಕು. ಅವರು ತೃಪ್ತಿಯಾಗಿ ಸಹಿ ಹಾಕಬೇಕು. ಆಮೇಲೆ ಇನ್ನೊಂದು ಪರೀಕ್ಷೆ. ಅದಾದ ಮೇಲೆ ಚೆನ್ನೈಯ ಫಾರ್ಮಸಿ ಕೌನ್ಸಿಲ್ಲಿನಲ್ಲಿ ಹೆಸರು ನೋಂದಣಿ. ಎಲ್ಲಿಗೋ ಯಾಕೆ ಅಲೆಯುತ್ತೀರಿ, ನಮ್ಮ ಅಂಗಡಿಯಲ್ಲೇ ಮಾಡಿ ಎಂದಳು ಪದ್ಮ. ಕಾಲೇಜಿನವರೂ ಬಂದು ಅಂಗಡಿ ನೋಡಿ ಒಪ್ಪಿಕೊಂಡರು. ನನಗೆ ಒಳಗೊಳಗೇ ಖುಷಿ. ಸಹಿ ಹಾಕಬೇಕಾದವರು ಸ್ವಂತ ಹೆಂಡತಿ ಎಂದ ಮೇಲೆ ಚಿಂತೆ ಏನು? ಮದುವೆಯಾದ ಗಂಡಸರು ಇಲ್ಲಿ ಸ್ವಲ್ಪ ನಗಬಹುದು.

ಪದ್ಮಳದು ಒಂದು ಪದ್ಧತಿ. ಅದು ಯಾವ ಪುಸ್ತಕದಲ್ಲಿಯೂ ಇಲ್ಲ. ಯಾರಾದರೂ ಚೀಟಿ ತಂದರೆ ಅವಳು ಮಾತ್ರೆಯ ಡಬ್ಬಿಗೆ ಕೈ ಹಾಕುವುದಿಲ್ಲ, ಮೊದಲು ಕೇಳುವುದು, "ಈ ವಾರ ಯಾವ ಶಿಫ್ಟು?" ಎಂದು. ನಮ್ಮ ಕಡೆ ಮನೆಗೊಬ್ಬರು ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಾರೆ. ಉಳಿದವರು ಹೂವು, ಕೋಸು, ಟೊಮೇಟೊ. ಅವರನ್ನು ಕೇಳುವುದು ರೋಜಾ ಎಷ್ಟು ಹೊತ್ತಿಗೆ ಕೊಯ್ಯುತ್ತೀರಿ, ಬಾಯಿಗೆ ಏನಾದರೂ ಹಾಕಿಕೊಳ್ಳುವುದು ಯಾವಾಗ ಎಂದು. ಡಾಕ್ಟರು ಬೆಳಗ್ಗೆ ತಿಂಡಿಯಾದ ಮೇಲೆ ಎಂದು ಬರೆದಿದ್ದರೆ ಇವಳು "ಡೈರಿಗೆ ಹಾಲು ಹಾಕಿ ಬಂದು, ರೊಟ್ಟಿ ತಿಂದು, ಆಮೇಲೆ" ಎನ್ನುತ್ತಾಳೆ. ಆಮೇಲೆ ಬೇರೆ ಯಾವ ಮಾತ್ರೆ ತಿನ್ನುತ್ತೀರಿ, ಹಿಂದೆ ಯಾವುದಾದರೂ ಆಗದೆ ಮೈ ದದ್ದು ಎದ್ದಿತ್ತಾ ಎಂಬ ವಿಚಾರಣೆ. ನನಗೆ ಕಾಲು ಸುಟ್ಟ ಬೆಕ್ಕಿನ ಹಾಗಾಗುತ್ತಿತ್ತು. ಗಿರಾಕಿಯ ಕೈಯಿಂದ ಚೀಟಿ ನಮ್ಮ ಕಡೆ ತಿರುಗುವುದರೊಳಗೆ ಮಾತ್ರೆ ತೆಗೆದು ಮಡಗಿರುತ್ತಿದ್ದೆ. ಪ್ರೆಸ್ಸಿನ ಮುಂದೆ ನಿಂತು ಪಳಗಿದ ಕೈ. ತಗಡು ಇಡು, ಒತ್ತು, ತೆಗಿ. ಅವರ ಶಿಫ್ಟು ಕಟ್ಟಿಕೊಂಡು ನಮಗೇನಾಗಬೇಕು ಎಂದು ಒಂದೆರಡು ಸಲ ಗೊಣಗಿಯೂ ಇದ್ದೆ.

ತರಬೇತಿ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಮಾದೇಶ ಬಂದ. ಒಂದು ಕಾಲಕ್ಕೆ ಅವನೂ ನಾನೂ ಒಂದೇ ಕಂಪನಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಹೋಗುತ್ತಿದ್ದವರು. ಅವನು ಇನ್ನೂ ಅದೇ ಪ್ರೆಸ್ಸಿನಲ್ಲಿದ್ದಾನೆ. ಮೂಗು ಕೊಳಾಯಿಯಾಗಿತ್ತು. ಚೀಟಿಯಲ್ಲಿ ನೆಗಡಿಯ ಮಾತ್ರೆ, ರಾತ್ರಿ ಒಂದು ಎಂದಿತ್ತು. ಪದ್ಮ ಪಕ್ಕದಲ್ಲೇ ಒಬ್ಬ ಬಾಣಂತಿಗೆ ಕಬ್ಬಿಣದ ಟಾನಿಕ್ಕಿನ ವಿಷಯ ತಿಳಿಸಿ ಹೇಳುತ್ತಿದ್ದಳು. ಮಾತ್ರೆಯನ್ನು ನೋಡಿ ಸರಿ ಎಂದು ತಲೆಯಾಡಿಸಿದಳು. ಮಾತಾಡಿ ಕೊಡುವ ಕೆಲಸ ನನ್ನದು. ನಾನು ಮಾದೇಶನ ಕೈಗೆ ಮಾತ್ರೆ ಹಾಕಿ, "ರಾತ್ರಿ ಊಟ ಆದ್ಮೇಲೆ ಒಂದು ಹಾಕ್ಕೊ, ಬೆಳಗ್ಗೆಗೆ ಸರಿ ಹೋಗ್ತದೆ" ಎಂದೆ. ಹೇಳಿದಷ್ಟೂ ಚೀಟಿಯಲ್ಲಿ ಇದ್ದದ್ದೇ. ಟೀ ಅಂಗಡಿಯಲ್ಲಿ ಬಿಸಿ ಬೋಂಡ ತೆಗೆಯುವ ಹೊತ್ತು ಅದು.

ಮಾರನೆಯ ಬೆಳಗ್ಗೆ ಮಾದೇಶ ಅಂಗಡಿಯ ಮುಂದೆ ಬಂದು ನಿಂತ. ತಲೆಗೂದಲೆಲ್ಲ ಎದ್ದು ನಿಂತಿತ್ತು, ಕೆನ್ನೆಯ ಮೇಲೆ ಬಸ್ಸಿನ ಸೀಟಿನ ಗೀರು ಅಚ್ಚೊತ್ತಿತ್ತು.

"ಏನ್ಲಾ ಕೊಟ್ಟೆ ನಂಗೆ? ಊಟ ಮಾಡಿ ಮಾತ್ರೆ ನುಂಗ್ದೆ, ಬಸ್ ಹತ್ದೆ. ಅಷ್ಟೇ ಕಣ್ಲಾ ಗ್ಯಾನ ಇದ್ದಿದ್ದು. ಹಿಂದ್ಗಡೆ ಸೀಟಲ್ಲಿ ಬಿದ್ಕಂಡಿದ್ದೆ, ಯಾವೋನೂ ನೋಡ್ನಿಲ್ಲ. ಎಲ್ರೂ ಇಳ್ದು ಡೂಟಿಗೆ ಹೋಗ್ಬುಟ್ರು. ಡ್ರೈವರು ಬಸ್ ತಗಂಡ್ಹೋಗಿ ಅವಲಪಲ್ಲಿ ತಾವ ನಿಲ್ಸಿ, ಬಾಗ್ಲಾಕ್ಕಂಡು ಅವನ ಮನೇಗೋದ. ಬೆಳಗ್ಗೆ ಡೂಟಿ ಮುಗುಸ್ಕಂಡು ನಮ್ಮೋರು ಬಸ್ ಹತ್ತಿದ್ರೆ ನಾನು ಅಲ್ಲೇ ಅದೀನಿ! ಅದೇ ಸೀಟಲ್ಲಿ ಹೋಗಿ ಅದೇ ಸೀಟಲ್ಲಿ ಬಂದೆ. ಕಂಪ್ನಿಲಿ ಆಬ್ಸೆಂಟು!"

ಆ ವಾರ ಅವನದು ನೈಟ್ ಶಿಫ್ಟು. ನೆಗಡಿ ಮಾತ್ರೆಗೆ ನಿದ್ದೆ ಬರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡವನು ನಾನು. ರಾತ್ರಿ ಎಂದರೆ ಮಲಗುವ ಹೊತ್ತು ಎಂದು ಬರೆದವರು ಡಾಕ್ಟರು; ಈ ಊರಿನಲ್ಲಿ ಅರ್ಧ ಜನಕ್ಕೆ ಅದು ಎದ್ದು ಹೋಗುವ ಹೊತ್ತು ಎಂದು ತಿಳಿದಿರಬೇಕಾದವನು, ಅದೇ ಬಸ್ಸಿನಲ್ಲಿ ವರ್ಷಗಟ್ಟಲೆ ಹೋದವನು, ನಾನು. "ನೆಗಡಿ ಹೋಯ್ತಾ?" ಎಂದೆ. "ನೆಗಡಿ ಹೋಯ್ತು ಕಣ್ಲಾ, ಜತೇಲಿ ಸಂಬಳಾನೂ ಹೋಯ್ತು!" ಎಂದ ಮಾದೇಶ. ಟೀ ಅಂಗಡಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಗಲು ಶುರುಮಾಡಿದೆ. ಪದ್ಮ ಮಾತ್ರ ಮಾದೇಶನಿಗೆ ಕ್ಷಮಿಸಿ ಅಣ್ಣಾ ಎಂದು ಹೇಳಿ, ಮಾತ್ರೆಯನ್ನು ಬೆಳಗ್ಗೆ ಮನೆಗೆ ಬಂದು ಮಲಗುವ ಮುಂಚೆ ತೆಗೆದುಕೊಳ್ಳಲು ತಿಳಿಸಿ ಕಳಿಸಿದಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಸದ್ಯ, ಬಸ್ಸಲ್ಲೇ ನಿದ್ದೆ ಬಂತು. ಪ್ರೆಸ್ ಮುಂದೆ ನಿಂತಾಗ ಬಂದಿದ್ರೆ?"

ನನ್ನ ನಗು ಅಲ್ಲಿಗೇ ನಿಂತಿತು. ಆ ಪ್ರೆಸ್ಸು ನನಗೆ ಗೊತ್ತು. ಅದು ಕೆಳಗೆ ಬರುವಾಗ ಅಡಿಯಲ್ಲಿ ಇರುವುದು ತಗಡೋ ಬೆರಳೋ ಎಂದು ನೋಡುವುದಿಲ್ಲ. ಮಾದೇಶನ ಬಲಗೈ ಕಣ್ಣ ಮುಂದೆ ಬಂತು. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಟೀ ಅಂಗಡಿಗೂ ಹೋಗಲಿಲ್ಲ.

ಸಹಿ ನಿಂತುಹೋಯಿತು. ತರಬೇತಿಯ ಹೊತ್ತು ಲೆಕ್ಕಕ್ಕೆ ತುಂಬಿದ್ದರೂ ಪದ್ಮ ಪೆನ್ನು ಮುಟ್ಟಲಿಲ್ಲ. ಇನ್ನೂ ಒಂದಷ್ಟು ದಿನ ನಿಲ್ಲಿ ಎಂದಳು. ಸುದ್ದಿ ತೊರಪಲ್ಲಿಗೆ ಮುಟ್ಟಿ ಅತ್ತೆಯ ಫೋನ್ ಬಂತು. ಪದ್ಮ ಸ್ಪೀಕರಿಗೆ ಹಾಕಿ ಮಾತ್ರೆ ಜೋಡಿಸುತ್ತಲೇ ಮಾತಾಡಿದಳು.

"ಹಾಕ್ಬುಡೇ ತಾಯಿ ಒಂದು ಸಹಿ. ಕಟ್ಕಂಡ ಗಂಡ. ಎಷ್ಟು ದಿನ ಅಂತ ಗೋಳುಯ್ಕತೀಯ? ನನ್ ಕಣ್ಣಾದ್ರೂ ನೋಡು."

"ಆಗ್ಲಮ್ಮ, ಹಾಕ್ತೀನಿ. ಆಪರೇಷನ್ ಆದ್ಮೇಲೆ ನಿನ್ ಕಣ್ಣಿಗೆ ಡ್ರಾಪ್ಸ್ ಕೊಡೋದು ಇವರ ಕೈಲೇ. ಯಾವ ಬಾಟ್ಲಿ, ಎಷ್ಟು ಹೊತ್ಗೆ ಅಂತ ಇವರೇ ಹೇಳ್ತಾರೆ. ಆಗ್ಬೋದಾ?"

ಅತ್ತೆ ಕೂಡಲೇ, "ಪರವಾಗಿಲ್ಲ ಬುಡು, ಇನ್ನೊಂದೆರಡು ತಿಂಗ್ಳು ಹಸಾನ ಎಮ್ಮೇನ ಸದ್ದು ಕೇಳಿ ಕಂಡುಹಿಡೀತೀನಿ" ಎಂದು ಫೋನ್ ಇಟ್ಟರು. ಹತ್ತಿಯ ಕಟ್ಟು ಕೈಯಲ್ಲಿ ಹಿಡಿದು ನಿಂತಿದ್ದ ನನ್ನನ್ನು ಆ ಎಡಗಣ್ಣು ಇನ್ನೂ ಒಂದು ಸಲ ನೋಡಿದ ಹಾಗಾಯಿತು.

ಅಂದಿನಿಂದ ನಾನು ಕೈ ಕಟ್ಟಿ ನಿಲ್ಲುವುದನ್ನು ಕಲಿತೆ. ಗಿರಾಕಿ ಬಂದಾಗ ಎರಡೂ ಕೈಯನ್ನು ಬೆನ್ನ ಹಿಂದೆ ಒಂದಕ್ಕೊಂದು ಹಿಡಿದುಕೊಂಡುಬಿಡುತ್ತಿದ್ದೆ, ಕಟ್ಟಿಹಾಕದಿದ್ದರೆ ಅವು ತಾವಾಗಿ ಡಬ್ಬಿಗೆ ಹೋಗುತ್ತವೆ. ಬಾಯಿ ಮಾತ್ರ ಮೆಲ್ಲಗೆ ಕೇಳುತ್ತಿತ್ತು. ಕೆಲವು ವಾರ ಕಳೆದ ಮೇಲೆ ಮಾದೇಶ ಮತ್ತೆ ಬಂದ, ಈ ಸಲ ಕೆಮ್ಮು. ನನ್ನನ್ನು ಕಂಡು ಪದ್ಮ ಎಲ್ಲಿ ಎಂದು ಇಣುಕಿದ. ಅವಳು ಒಳಗೆ ಸ್ಟೂಲಿನ ಮೇಲೆ ಕೂತು ಏನೂ ಕೇಳಿಸದವಳ ಹಾಗೆ ಡಬ್ಬಿಗಳ ತಾರೀಖು ನೋಡುತ್ತಿದ್ದಳು. ನಾನು ಚೀಟಿ ಪೂರ್ತಿ ಓದಿ, ಕೈ ಹಿಂದೆ ಕಟ್ಟಿಕೊಂಡು ಶುರು ಮಾಡಿದೆ. ಈ ವಾರ ಯಾವ ಶಿಫ್ಟು? ರಜದಲ್ಲಿದ್ದೇನೆ, ಮಾವನ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ರೋಜಾ ಕೊಯ್ಯುತ್ತಿದ್ದೇನೆ ಎಂದ. ಎಷ್ಟು ಹೊತ್ತಿಗೆ ಏಳುತ್ತೀಯ? ಹೂವಿನ ಗಾಡಿ ಓಡಿಸುವವರು ಯಾರು, ನೀನಾ? ಶುಗರ್ ಇದೆಯಾ? ಬೇರೆ ಮಾತ್ರೆ ತಿನ್ನುತ್ತಿದ್ದೀಯಾ? ಯಾವುದಾದರೂ ಔಷಧಿಗೆ ಮೈ ಕಡಿದಿತ್ತಾ? ಊಟ ಎಷ್ಟು ಹೊತ್ತಿಗೆ, ಮಲಗುವುದು ಎಷ್ಟು ಹೊತ್ತಿಗೆ? ಮಾದೇಶ ಕೆಮ್ಮುವುದನ್ನೂ ಮರೆತು ನನ್ನ ಮುಖವನ್ನೇ ನೋಡಿದ.

"ಯಾಕ್ಲಾ, ನಂಗೇನು ಹೆಣ್ಣು ಕೊಡ್ತೀಯಾ, ಇಷ್ಟೊಂದು ಇಚಾರುಸ್ತೀಯ?"

ಒಳಗಿನಿಂದ ಪದ್ಮಳ ನಗು ಕೇಳಿಸಿತು. ಅವಳು ಹಾಗೆ ಬಾಯಿ ತುಂಬ ನಕ್ಕಿದ್ದು ಕೇಳಿ ಬಹಳ ದಿನವಾಗಿತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಸಹಿ ಹಾಕಿ ಕೊಟ್ಟಳು. ಕೊನೆಯ ಪರೀಕ್ಷೆಯೂ ಆಯಿತು, ಪಾಸೂ ಆದೆ. ಫಲಿತಾಂಶ ತಿಳಿದ ಕೂಡಲೇ ನನಗಿಂತ ಮೊದಲು ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರಂತೆ. ಚೆನ್ನೈಯಿಂದ ನೋಂದಣಿಯ ಸರ್ಟಿಫಿಕೇಟು ಬಂತು, ಪದ್ಮಳದರ ಪಕ್ಕದಲ್ಲಿ ನನ್ನದಕ್ಕೂ ಒಂದು ಮೊಳೆ ಹೊಡೆದೆ. ಅಂಗಡಿಯ ಲೈಸೆನ್ಸಿನಲ್ಲಿ ನನ್ನ ಹೆಸರನ್ನೂ ಸೇರಿಸಿದರು. ಅತ್ತೆಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಪದ್ಮ ಬ್ಯಾಗಿನಲ್ಲಿ ಸೀರೆ ತುಂಬಿಕೊಂಡು, ಏನೇನೋ ಹಾಡು ಗುನುಗಿಕೊಂಡು ತೊರಪಲ್ಲಿಯ ಬಸ್ಸು ಹತ್ತಿದಳು. ಒಂದು ಸಲವೂ ತಿರುಗಿ ನೋಡಲಿಲ್ಲ.

ನಾನು ಠೀವಿಯಿಂದ ಬಂದು ಸ್ಟೂಲಿನ ಮೇಲೆ ಕೂತೆ. ಮೊದಲು ಬಂದ ಅಜ್ಜಿ, "ಅಕ್ಕ ಇಲ್ವಾ? ಸರಿ, ಆಮ್ಯಾಕೆ ಬತ್ತೀನಿ" ಎಂದು ಹೊರಟಿತು. ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿ ಕೂರಿಸಿಕೊಳ್ಳಬೇಕಾಯಿತು. ಬೆಳಗ್ಗೆ ಹೇಗೋ ಕಳೆಯಿತು. ಸಂಜೆ ಎದುರಿನ ಟೀ ಅಂಗಡಿಯಲ್ಲಿ ಬೋಂಡ ಎಣ್ಣೆಗೆ ಬಿತ್ತು. ಬಾರೋ ಎಂದು ಮಾದೇಶ ಕೈ ಬೀಸಿದ. ಎದ್ದೆ. ಎದ್ದವನು ಹಾಗೆಯೇ ನಿಂತೆ. ಈಗ ರಿಜಿಸ್ಟರ್ ಆದ ಫಾರ್ಮಸಿಸ್ಟ್ ನಾನು. ನಾನು ಎದ್ದು ಹೋದರೆ ಅಂಗಡಿಯಲ್ಲಿ ಉಳಿಯುವುದು ಸೊಂಟದ ಬೆಲ್ಟು. ಮತ್ತೆ ಕೂತೆ. ಸ್ಟೂಲು ಗಟ್ಟಿ, ನಡುವೆ ಸವೆದು ಒಂದು ತಗ್ಗು ಬಿದ್ದಿತ್ತು. ಅದು ಪದ್ಮ ಕೂತು ಕೂತು ಬಿದ್ದ ತಗ್ಗು. ನಾನು ಮಂಡಿಯಲ್ಲಿ ಟೊಮೇಟೊ ರೇಟು ಕೇಳುತ್ತಿದ್ದಾಗ, ಬೋಂಡ ತಿನ್ನುತ್ತಿದ್ದಾಗ, ಯಾರ್ಯಾರ ಮದುವೆಗೋ ಒಬ್ಬನೇ ಹೋಗಿ ಅವಳಿಗೆ ಬಿಡುವಿಲ್ಲ ಎಂದು ಹೇಳಿ ಬರುತ್ತಿದ್ದಾಗ, ಅವಳು ಇಲ್ಲೇ ಕೂತಿದ್ದಳು. ಇಷ್ಟು ಹತ್ತಿರದ ತೊರಪಲ್ಲಿಯಲ್ಲಿ, ಅಂಗಡಿ ಇಟ್ಟ ಮೇಲೆ ತಾಯಿಯ ಮನೆಯಲ್ಲಿ ಅವಳು ಒಂದು ರಾತ್ರಿ ತಂಗಿದ್ದು ನನಗೆ ನೆನಪಿಲ್ಲ. ಅವಳದು ನಿಂತ ನೀರಿನ ಸ್ವಭಾವ ಎಂದು ನಾನು ಅಂದುಕೊಂಡಿದ್ದೆ. ಮನೆಯಲ್ಲಿ ಚಡಪಡಿಸುವವನು ನಾನೊಬ್ಬನೇ ಎಂಬ ಹೆಮ್ಮೆಯೂ ಇತ್ತು. ಆ ತಗ್ಗಿನಲ್ಲಿ ಕೂತು ನನಗೆ ನಾಚಿಕೆಯಾಯಿತು. ಬೋಂಡದ ವಾಸನೆ ಬೇರೆ ಬರುತ್ತಿತ್ತು.

ವಾರ ಕಳೆಯಿತು. ಇನ್ನೇನು ಬರುತ್ತಾಳೆ ಎಂದು ಫೋನ್ ಮಾಡಿದೆ. ಆ ಕಡೆ ತಾಯಿ ಮಗಳು ಏನೋ ಹೇಳಿಕೊಂಡು ನಗುತ್ತಿದ್ದರು. ಅತ್ತೆ ಫೋನ್ ಕಿತ್ತುಕೊಂಡು, ಹಸ ಹಸದ ಹಾಗೇ ಕಾಣಿಸುತ್ತಿದೆ ಎಂದು ಆಶೀರ್ವಾದ ಮಾಡಿದರು. ಯಾವಾಗ ಬರುತ್ತೀಯ ಎಂದು ಪದ್ಮಳನ್ನು ಕೇಳಿದೆ.

"ಈಗ್ಲೇ ಏನು ಅವಸರ? ಅಮ್ಮನ್ ಬಲಗಣ್ಣಲ್ಲೂ ಪೊರೆ ಐತಂತೆ. ಅದನ್ನೂ ಮಾಡಿಸ್ಕೊಂಡೇ ಬತ್ತೀನಿ. ಅಂಗಡಿಗೆ ನೀವಿದ್ದೀರಲ್ಲ."

ಇದ್ದೇನೆ. ಇಲ್ಲೇ, ಸ್ಟೂಲಿನ ಮೇಲೆ, ಕೈ ಕಟ್ಟಿಕೊಂಡು. ದೇವರು ಅತ್ತೆಗೆ ಎರಡೇ ಕಣ್ಣು ಕೊಟ್ಟಿದ್ದಾನೆ ಎಂಬುದೊಂದೇ ಸದ್ಯಕ್ಕೆ ನನಗಿರುವ ಸಮಾಧಾನ.